ಹಬ್ಬಕ್ಕೆ ಬಿಡದ ಸ್ಪೆಷಲ್ ಬಸ್ಸು

ನಮ್ಮ ಯಜಮಾನರಿಗೆ ಬಸ್ಸಿನ ವಿಷಯದಲ್ಲಿ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ. ಮೈಸೂರು–ಬೆಂಗಳೂರು ನಡುವೆ ವರ್ಷಗಟ್ಟಲೆ ಓಡಾಡಿದವರು. ಯಾವ ಬಸ್ಸು ತಿಂಡಿಗೆ ಎಲ್ಲಿ ನಿಲ್ಲುತ್ತದೆ, ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ ಎಲ್ಲ ಬಾಯಿಪಾಠ. ಆ ವಿದ್ಯೆಯನ್ನೇ ಡಬ್ಲಿನ್ನಿಗೂ ಹೊತ್ತು ತಂದರು.

ಅವರು ಆಫೀಸಿನ ಕೆಲಸಕ್ಕೆ ಜರ್ಮನಿಗೆ ಹೊರಟಾಗ ನಾನೂ ಗಂಟುಬಿದ್ದಿದ್ದೆ. ಕ್ರಿಸ್‌ಮಸ್ ರಜೆಯಲ್ಲಿ ಡಬ್ಲಿನ್ನಿಗೆ ಹೋಗಲೇಬೇಕೆಂದು ಹಟ ಹಿಡಿದದ್ದು ನನ್ನ ತಂಗಿಗಾಗಿ. ಅವಳು ಅಲ್ಲಿನ ಬ್ಯೂಮಾಂಟ್ ಬಡಾವಣೆಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ಮೂರು ವರ್ಷದಿಂದ ಫೋನಿನಲ್ಲಿ ಏನು ಕೇಳಿದರೂ ಒಂದೇ ಉತ್ತರ. ಚಳಿ ಹೇಗಿದೆ? "ಗ್ರ್ಯಾಂಡ್ ಅಕ್ಕಾ." ಊಟ? ಗ್ರ್ಯಾಂಡ್. ಜ್ವರ ಬಂದಿತ್ತಂತಲ್ಲ? ಈಗ ಗ್ರ್ಯಾಂಡ್. ಎಲ್ಲ ಚೆನ್ನಾಗಿದೆ ಅನ್ನೋದಕ್ಕೆ ಅಲ್ಲಿಯವರು ಮಾತಿಗೊಮ್ಮೆ ಹಾಗೆ ಅನ್ನುತ್ತಾರಂತೆ, ಅನ್ನಲಿ. ಒಗ್ಗರಣೆ ತುಸು ಸೀದರೂ ತಟ್ಟೆ ತಳ್ಳುತ್ತಿದ್ದ ಹುಡುಗಿಗೆ ಲೋಕವೆಲ್ಲ ಸರಿಯಾಗಿಯೇ ಕಂಡರೆ ಅಕ್ಕನಾದವಳಿಗೆ ಭಯವಾಗುತ್ತದೆ. ಕಣ್ಣಾರೆ ನೋಡಬೇಕಿತ್ತು.

ಹಬ್ಬದ ಹಿಂದಿನ ದಿನ ಇಳಿದೆವು. ಹಬ್ಬದ ಮಾರನೆಯ ಬೆಳಿಗ್ಗೆಯೇ ವಾಪಸ್ ವಿಮಾನ. ಇಳಿದ ದಿನವೇ ಸಂಜೆ ಅವಳು ಡ್ಯೂಟಿ ಮುಗಿಸಿ ಬಂದು ದೀಪ ಹಾಕಿದ ಬೀದಿಗಳನ್ನು ತೋರಿಸಿದಳು. ಟೋಪಿಗೂ ಮಫ್ಲರಿಗೂ ನಡುವೆ ನನಗೆ ಕಂಡದ್ದು ಅವಳ ಮೂಗು ಮಾತ್ರ. ಅದೂ ಕೆಂಪಗಿತ್ತು.

"ನಾಳೆನೂ ಡ್ಯೂಟಿ ಅಕ್ಕಾ. ಮಕ್ಕಳಿರೋರು ಮನೇಲಿರಲಿ ಅಂತ ನಾನೇ ಒಪ್ಕೊಂಡೆ. ಒಂದು ಗಂಟೆಗೆ ಬ್ರೇಕ್, ನೀವೇ ಅಲ್ಲಿಗೆ ಬನ್ನಿ. ಆದ್ರೆ ಭಾವ, ನಾಳೆ ಬಸ್ಸು..."

"ಬಸ್ಸಿನ ವಿಷಯ ನನಗೆ ಬಿಡಮ್ಮ," ಎಂದರು ಯಜಮಾನರು. "ಹಬ್ಬ ಅಂದ್ಮೇಲೆ ಸ್ಪೆಷಲ್ ಬಿಟ್ಟೇ ಬಿಡ್ತಾರೆ."

ಅಷ್ಟರಲ್ಲಿ ಅವಳನ್ನು ಮನೆಗೆ ಬಿಡುವ ಗೆಳತಿಯ ಕಾರು ಬಂತು. ಮಾತು ಅಲ್ಲಿಗೇ ನಿಂತಿತು.

ಹಬ್ಬದ ಬೆಳಿಗ್ಗೆ ನಾವು ಉಳಿದಿದ್ದ ಬಾಡಿಗೆ ಕೋಣೆಯ ಪುಟ್ಟ ಒಲೆಯ ಮೇಲೆ ಅನ್ನ ಮಾಡಿ, ಊರಿಂದ ತಂದ ಗೊಜ್ಜು ಕಲೆಸಿ, ಎರಡು ಸಲ ರುಚಿ ನೋಡಿ ಪುಳಿಯೋಗರೆಯನ್ನು ಡಬ್ಬಿಗೆ ತುಂಬಿದೆ. ಹೊಳೆಯ ಪಕ್ಕದ ಸ್ಟಾಪಿನಲ್ಲಿ ನಿಂತೆವು. ಒಂದು ನರಪಿಳ್ಳೆಯಿಲ್ಲ. ನಮ್ಮಲ್ಲಿ ಹಬ್ಬ ಅಂದರೆ ಜನ ಬೀದಿಗೆ ಬರುತ್ತಾರೆ. ಇಲ್ಲಿ ಇಡೀ ರಾಜಧಾನಿಯೇ ಬಾಗಿಲು ಹಾಕಿಕೊಂಡು ಒಳಗೆ ಕೂತಿತ್ತು.

"ರಶ್ ಇರತ್ತೆ, ಅದಕ್ಕೇ ಲೇಟು," ಎಂದರು ಇವರು, ಖಾಲಿ ರಸ್ತೆಯನ್ನು ನೋಡುತ್ತಾ.

ನಾಯಿಯ ಜೊತೆ ಬಂದ ಒಬ್ಬ ಅಜ್ಜ ನಮ್ಮನ್ನು ಕಂಡು ಮರುಗಿದ. ಇವತ್ತು ಬಸ್ಸು, ರೈಲು, ಟ್ರಾಮು ಏನೂ ಇಲ್ಲವಂತೆ. ಅವುಗಳ ಡ್ರೈವರುಗಳಿಗೂ ಹಬ್ಬ. ಖಾಲಿ ಟ್ಯಾಕ್ಸಿ ಒಂದೂ ಸಿಗಲಿಲ್ಲ. ತಂಗಿಯ ಫೋನು ಡ್ಯೂಟಿಯಲ್ಲಿ ಲಾಕರಿನೊಳಗೆ. ಬ್ಯೂಮಾಂಟ್ ಎಷ್ಟು ದೂರ ಅಂದರೆ, "ಇಲ್ಲೇ, ಹೀಗೇ ಮೇಲೆ ಹೋದರಾಯಿತು," ಎಂದು ಅಜ್ಜ ಕೈ ಬೀಸಿದ. ನಮ್ಮ ಹಳ್ಳಿಗಳ ಕೂಗಳತೆಯೂ ಹೀಗೇ ಅಲ್ಲವೇ? ಡ್ರಮ್‌ಕಾಂಡ್ರಾ ಅನ್ನೋ ಬಡಾವಣೆ ದಾಟಿದ ಮೇಲೂ ಅದು ಇನ್ನೂ ಮೇಲೆಯೇ ಇತ್ತು. ದಾರಿಯುದ್ದಕ್ಕೂ ನಾನು ಯಜಮಾನರಿಗೆ ಸ್ಪೆಷಲ್ ಬಸ್ಸಿನ ಸಹಸ್ರನಾಮ ಮಾಡಿದೆ. ಅವರು ಡಬ್ಬಿ ಹೊತ್ತು ಮುಂದೆ ಮುಂದೆ ನಡೆದರು.

ಅವಳ ಬ್ರೇಕಿನ ಹೊತ್ತು, ಮಧ್ಯಾಹ್ನದ ಒಂದು ಗಂಟೆ, ದಾರಿಯಲ್ಲೇ ಕಳೆದುಹೋಯಿತು. ಆಮೇಲೆ ನಾನು ಬೈಯುವುದನ್ನೂ ಬಿಟ್ಟೆ. ಇಷ್ಟು ದೂರ ಬಂದು, ಅವಳ ಮುಖ ಸರಿಯಾಗಿ ನೋಡದೆ ಹೋಗುತ್ತೇನಲ್ಲ ಎಂದುಕೊಂಡು ಹೆಜ್ಜೆ ಚುರುಕು ಮಾಡಿದೆ.

ಎರಡು ಗಂಟೆ ದಾಟಿದ ಮೇಲೆ ಆಸ್ಪತ್ರೆ ತಲುಪಿದೆವು. ತಂಗಿ ಬಾಗಿಲಲ್ಲೇ ನಿಂತಿದ್ದಳು. ಜೊತೆಯವರನ್ನು ಮೊದಲು ಊಟಕ್ಕೆ ಕಳಿಸಿ, ತನ್ನ ಬ್ರೇಕನ್ನು ಮುಂದಕ್ಕೆ ಹಾಕಿಕೊಂಡಿದ್ದಳಂತೆ.

"ಬಸ್ಸಿಲ್ಲ ಅಂತ ಹೇಳಕ್ಕೆ ಬಂದೆ, ನೀವು ಬಿಡ್ಲಿಲ್ವಲ್ಲ ಭಾವ," ಎಂದಳು. ಇವರು ಶೂ ಲೇಸಿನ ಕಡೆ ಬಗ್ಗಿದರು.

ಕ್ಯಾಂಟೀನಿನ ಮೂಲೆಯಲ್ಲಿ ಕೂತು ಡಬ್ಬಿ ತೆಗೆದಳು. ಟೋಪಿಯಿಲ್ಲದ ಮುಖ ಆಗ ಕಂಡಿತು. ಕೆನ್ನೆ ಇಳಿದಿತ್ತು, ಕಣ್ಣಿನ ಕೆಳಗೆ ಕಪ್ಪು. ಒಂದು ತುತ್ತು ಬಾಯಿಗಿಟ್ಟಳು.

"ಹೇಗಿದ್ಯೇ?" ಎಂದೆ. ಗ್ರ್ಯಾಂಡ್ ಅಂದುಬಿಟ್ಟರೆ ನಾನು ಅತ್ತೇಬಿಡುತ್ತಿದ್ದೆ.

ಅವಳು ನಿಧಾನವಾಗಿ ಅಗಿದು, ಮುಖ ಕಿವಿಚಿದಳು. "ಉಪ್ಪು ಕಮ್ಮಿ."

ಆಮೇಲೆ ಕಟ್ಟೆ ಒಡೆಯಿತು. ಅನ್ನ ಗಟ್ಟಿಯಾಗಿದೆ. ರೂಮಿನ ಹೀಟರು ಕೆಟ್ಟು ತಿಂಗಳಾಗಿದೆ. ಕಾಲು ಊದುತ್ತೆ. ಮೂರಕ್ಕೇ ಸಂಜೆಯಾದ ಹಾಗಿರುತ್ತೆ, ಅಳು ಬರುತ್ತೆ ಅಕ್ಕಾ. ಹೇಳುತ್ತಲೇ ತಿಂದಳು, ಕಣ್ಣೊರೆಸಿಕೊಂಡು ಮತ್ತೆ ತಿಂದಳು, ಡಬ್ಬಿಯ ತಳ ಕಾಣುವವರೆಗೂ.

ಅಡುಗೆಯ ವಿಷಯದಲ್ಲಿ ನಾನು ಈವರೆಗೆ ಯಾರಿಗೂ ಸೋತವಳಲ್ಲ. ಅವತ್ತು ಉಪ್ಪು ಹದವಾಗಿಯೇ ಇತ್ತು.

"ಹೌದು ಕಣೆ," ಎಂದೆ, "ಕಮ್ಮಿಯೇ ಆಗಿದೆ. ಇನ್ನೇನು ಸರಿ ಇಲ್ಲ, ಹೇಳು."