ನಾನು ಒರೆಸಿದ ಸೀಮೆಸುಣ್ಣದ ಗುರುತು

ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ವಡೋದರಾದಿಂದ ಸುಗುಣನ ಫೋನು ಬಂತು. ಅವಳ ಮಗಳು ಅನುವಿನ ಬಲಗಿವಿ ಮಂದವಾದದ್ದು ನನ್ನಿಂದ — ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನನ್ನ ಯಜಮಾನರಿಗೂ ಇಲ್ಲ. ದೇವರ ಮುಂದೆ ಕೂತಾಗಲೂ ಬೇರೆಲ್ಲ ಹೇಳಿಕೊಂಡು ಇದೊಂದನ್ನು ಹಾರಿಸಿಬಿಡುತ್ತಿದ್ದೆ.

ಸೂರತ್‌ನ ಉಧ್ನಾದಲ್ಲಿ ನಮ್ಮದು ಉಡುಪಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ, ತಾರಸಿಯ ಕೋಣೆಯಲ್ಲಿ ಆಗ ಸುಗುಣನ ಸಂಸಾರ. ಅವಳ ಗಂಡ ಶೇಖರ ನಮ್ಮಲ್ಲಿ ದೋಸೆ ಹುಯ್ಯುತ್ತಿದ್ದ. ನಮ್ಮ ಹಾಗೆ ಅವರೂ ಕುಂದಾಪುರದ ಕಡೆಯವರು. ಅನು ಆಗಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಹಗಲೆಲ್ಲ ಸುಗುಣ ನನ್ನ ಅಡುಗೆಮನೆಯಲ್ಲೇ. ಕೇಳಿದವರಿಗೆ ನಾನು, ಕೆಲಸದವಳಲ್ಲ, ತಂಗಿಯ ಹಾಗೆ ಎನ್ನುತ್ತಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ.

ದಡಾರದ ಲಸಿಕೆ ಹಾಕುವ ಸಿಸ್ಟರ್ ಮನೆಮನೆ ಸುತ್ತುತ್ತಿದ್ದ ಸಮಯ. ಆಕೆ ಮೊದಲು ಬಂದ ದಿನ ಸುಗುಣ ಮಗುವನ್ನೆತ್ತಿಕೊಂಡು ಪಾಂಡೇಸರಾದಲ್ಲಿದ್ದ ತಮ್ಮನ ಕೋಣೆಗೆ ಹೋಗಿದ್ದಳು. ಒಂದು ಮಗು ಬಾಕಿ ಇದೆ ಎಂದು ನಾನು ನಿಜವನ್ನೇ ಹೇಳಿದೆ. ಆಕೆ ನಮ್ಮ ಬಾಗಿಲ ಚೌಕಟ್ಟಿನ ಬುಡದಲ್ಲಿ ಸೀಮೆಸುಣ್ಣದಿಂದ ಒಂದು ಕಾಟು ಗೆರೆ ಎಳೆದಳು. ಈ ಗುರುತಿದ್ದರೆ ಮಗು ಉಳಿದಿದೆ ಎಂದರ್ಥ, ನೋಡಿಕೊಂಡು ಇನ್ನೊಮ್ಮೆ ಬರುತ್ತೇವೆ, ಒರೆಸಬೇಡಿ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದಳು.

ಅದು ಸೋಣ ತಿಂಗಳು. ಆ ತಿಂಗಳು ಪೂರ್ತಿ ನಮ್ಮ ಕಡೆಯ ಹೆಂಗಸರು ಹೊಸ್ತಿಲಿಗೆ ಪೂಜೆ ಮಾಡುತ್ತಾರೆ. ಊರು ಬಿಟ್ಟು ಬಂದರೂ ನಾನದನ್ನು ಬಿಟ್ಟವಳಲ್ಲ. ಮರುದಿನ ಹೊಸ್ತಿಲು ತೊಳೆದು, ಗೆರೆ ಎಳೆದು, ಅರಿಶಿನ ಕುಂಕುಮ ಇಡಲು ಬಗ್ಗಿದರೆ ಪಕ್ಕದಲ್ಲೇ ಆ ಕಾಟು. ದೇವರಿಗೆ ಹೂವಿಡುವ ಜಾಗದಲ್ಲಿ ಯಾರೋ ಬೇಡವೆಂದು ಹೊಡೆದು ಹಾಕಿದ ಹಾಗೆ — ನನಗೆ ಸರಿಕಾಣಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅರ್ಥ ಗೊತ್ತಿದ್ದೂ ಒರೆಸಿದೆ. ಸಿಸ್ಟರ್ ಬಂದಾಗ ನಾನೇ ಹೇಳಿದರಾಯಿತು ಎಂದುಕೊಂಡೆ.

ಹೇಳಲಿಲ್ಲ.

ಆಕೆ ಮತ್ತೆ ಬಂದಾಗ ನಾನು ಮಡಿಯಲ್ಲಿದ್ದೆ. ಮರುದಿನ ಅರಿಶಿನ ಕುಂಕುಮಕ್ಕೆ ನಮ್ಮವರ ಮನೆಯ ಹೆಂಗಸರನ್ನೆಲ್ಲ ಕರೆದಿದ್ದೆ. ಒಳಗೆ ಸುಗುಣ ಗ್ರೈಂಡರ್ ಹತ್ತಿರ, ಮಗು ಅವಳ ಬದಿಯಲ್ಲಿ ಮಲಗಿತ್ತು. ಸಿಸ್ಟರ್ ಚೌಕಟ್ಟು ನೋಡಿದಳು. ಗುರುತಿಲ್ಲ. ಅನುಮಾನ ಬಂದಿರಬೇಕು, ಬಾಕಿ ಯಾರಾದರೂ ಇದ್ದಾರೆಯೇ ಎಂದು ಮೆಟ್ಟಿಲಲ್ಲೇ ನಿಂತು ಕೇಳಿದಳು. ಸೂಜಿ ಚುಚ್ಚಿದರೆ ಮಗುವಿಗೆ ಜ್ವರ ಬರುತ್ತದೆ, ರಚ್ಚೆ ಹಿಡಿಯುತ್ತದೆ, ನಾಳೆ ಸುಗುಣ ಕೈಗೆ ಸಿಗುವುದಿಲ್ಲ — ನನ್ನ ತಲೆಯಲ್ಲಿ ಓಡಿದ್ದು ಅಷ್ಟೇ.

"ಕೋಯಿ ನಹೀಂ," ಯಾರೂ ಇಲ್ಲ ಎಂದೆ.

ಗ್ರೈಂಡರಿನ ಸದ್ದಿನಲ್ಲಿ ಸುಗುಣನಿಗೆ ಏನೂ ಕೇಳಿಸಿರಲಿಲ್ಲ. ಸಂಜೆ ಅವಳೇ ಕೇಳಿದಳು.

"ಸಿಸ್ಟರ್ ಇವತ್ತೂ ಬರ್ಲಿಲ್ಯಾ ಅಕ್ಕ?"

"ಇಲ್ಲ ಮಾರಾಯ್ತಿ. ಅವ್ರು ಹೇಳುದೊಂದು ಮಾಡುದೊಂದು."

ಅರಿಶಿನ ಕುಂಕುಮ ಮುಗಿದ ಮೇಲಾದರೂ ತಾಯಿ ಮಗುವನ್ನು ಕಳುಹಿಸಬಹುದಿತ್ತು. ಬುಧವಾರ ಬುಧವಾರ ಅಂಗನವಾಡಿಯಲ್ಲಿ ಲಸಿಕೆ ಹಾಕುತ್ತಿದ್ದರು. ಈ ಬುಧವಾರ ಬೇಡ, ಮುಂದಿನದು ನೋಡುವ ಎನ್ನುತ್ತಾ ನಾನೂ ಮರೆತೆ — ಇಲ್ಲ, ಮರೆತೆ ಎನ್ನುವುದು ಸುಳ್ಳು. ನೆನಪಾದಾಗೆಲ್ಲ ಏನೋ ಒಂದು ಕೆಲಸ ಇರುತ್ತಿತ್ತು.

ಚಳಿಗಾಲದಲ್ಲಿ ಅನುವಿನ ಮೈತುಂಬಾ ಕೆಂಪು ಗುಳ್ಳೆ ಎದ್ದವು. ನಮ್ಮಲ್ಲಿ ದಡಾರಕ್ಕೆ ಅಮ್ಮ ಬಂದಿದ್ದಾಳೆ ಎನ್ನುತ್ತೇವೆ, ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಕೆಳಗೆ ಹೋಟೆಲು ಇಟ್ಟುಕೊಂಡು ಒಗ್ಗರಣೆ ನಿಲ್ಲಿಸುವುದು ಹೇಗೆ? ಬೇವಿನ ಸೊಪ್ಪು ಕೊಟ್ಟು, ಗುಣವಾಗುವವರೆಗೆ ಪಾಂಡೇಸರಾದ ತಮ್ಮನ ಕೋಣೆಯಲ್ಲೇ ಇರು ಎಂದು ತಾಯಿ ಮಗುವನ್ನು ರಿಕ್ಷಾ ಹತ್ತಿಸಿದೆ. ಅದನ್ನು ಭಕ್ತಿ ಎಂದೇ ತಿಳಿದಿದ್ದೆ.

ರಿಕ್ಷಾದಲ್ಲಿ ಹತ್ತಿರದ ದಾರಿ, ಆದರೆ ಪಾಂಡೇಸರಾ ಬೇರೆಯೇ ಊರಿನ ಹಾಗೆ. ಅಹಮದಾಬಾದಿನಲ್ಲಿರುವ ನನ್ನ ಮೊಮ್ಮಗಳಿಗೆ ಯಾವ ಚುಚ್ಚುಮದ್ದು ಯಾವತ್ತು ಎಂದು ಕ್ಲಿನಿಕ್ಕಿನವರೇ ಫೋನಿಗೆ ಮೆಸೇಜು ಹಾಕುತ್ತಾರೆ. ನಮ್ಮ ಬೀದಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ಪಾಂಡೇಸರಾದ ಬಣ್ಣದ ಮಿಲ್ಲುಗಳ ಹಿಂದಿನ ಗಲ್ಲಿಗಳಲ್ಲಿ ಇವತ್ತು ಇದ್ದ ಸಂಸಾರ ನಾಳೆ ಇರುವುದಿಲ್ಲ. ಸಿಸ್ಟರ್ ಬಂದ ಹೊತ್ತಿಗೆ ತಾಯಿ ಮಿಲ್ಲಿನಲ್ಲಿದ್ದರೆ ಮಗು ತಪ್ಪಿಹೋಯಿತು. ಆ ವರ್ಷ ಅಲ್ಲಿ ಎಷ್ಟೋ ಮಕ್ಕಳು ದಡಾರ ಬಂದು ಮಲಗಿದ್ದವು. ಅನು ತಪ್ಪಿಹೋಗಬೇಕಾದ ಮಗುವಲ್ಲ. ಅವಳ ಮನೆಯ ಮೆಟ್ಟಿಲಿಗೇ ಲಸಿಕೆ ಬಂದಿತ್ತು.

ಕೆಮ್ಮು ಎದೆಗಿಳಿದಾಗ ಹತ್ತಿರದ ಖಾಸಗಿ ಆಸ್ಪತ್ರೆಗೆ ಓಡಿದರಂತೆ. ಕೌಂಟರಿನಲ್ಲಿ ಮೊದಲು ಕೇಳಿದ್ದು ಇನ್ಶೂರೆನ್ಸ್ ಕಾರ್ಡು. ನಮ್ಮ ಮನೆಯವರೆಲ್ಲರ ಕಾರ್ಡು ದೇವರ ಗೂಡಿನ ಕೆಳಗೆ ಭದ್ರವಾಗಿತ್ತು. ಶೇಖರನ ಹೆಸರು ಊರಿನ ರೇಷನ್ ಕಾರ್ಡಿನಲ್ಲಿ ಮಾತ್ರ, ಸರ್ಕಾರದ ಆರೋಗ್ಯ ಕಾರ್ಡು ಅಲ್ಲೂ ಮಾಡಿಸಿರಲಿಲ್ಲ, ಇಲ್ಲೂ ಇಲ್ಲ. ಹೋಟೆಲಿನ ಹುಡುಗರಿಗೂ ಸೇರಿಸಿ ವಿಮೆ ಮಾಡಿಸಿ ಎಂದು ಏಜೆಂಟ್ ಹೇಳಿದ್ದಾಗ, ಬೇಡ ಎಂದು ಯಜಮಾನರಿಗೆ ಸನ್ನೆ ಮಾಡಿದವಳೂ ನಾನೇ. ಅಲ್ಲಿಂದ ವಾಪಸು ಬಂದು, ಮರುದಿನ ಸರ್ಕಾರಿ ಆಸ್ಪತ್ರೆ. ದೇವರು ದೊಡ್ಡವನು, ಜೀವ ಉಳಿಯಿತು. ಕಿವಿಯಲ್ಲಿ ಕೀವು ತುಂಬಿ ಸೋರಿತು, ಆ ಕಿವಿ ಮಂದವಾಯಿತು.

ಎಲ್ಲರೂ ಆ ಸಿಸ್ಟರನ್ನು ಬೈದರು. ಗುರುತು ಹಾಕಿ ಹೋದವಳು ಬರಲೇ ಇಲ್ಲ ಎಂದು. ನಾನೂ ಬೈದೆ — ಎಲ್ಲರಿಗಿಂತ ಜೋರಾಗಿ.

ಮುಂದೆ ಶೇಖರ ವಡೋದರಾದಲ್ಲಿ ಕ್ಯಾಂಟೀನು ಹಿಡಿದ. ಈಗ ಸುಗುಣನಿಗೆ ಗಂಡು ಮಗು. ಇವತ್ತು ಫೋನಿನಲ್ಲಿ ಮಗು ಕವುಚಿ ಬೀಳುವುದು, ಅನುವನ್ನು ಶಾಲೆಯಲ್ಲಿ ಮುಂದಿನ ಬೆಂಚಿಗೆ ಕೂರಿಸಿದ್ದು ಎಲ್ಲ ಹೇಳಿದಳು. ಚಿಕ್ಕವನಿಗೆ ಲಸಿಕೆ ಹಾಕಿಸಿದೆಯಾ ಎಂದು ಕೇಳಿದೆ.

"ಹೋದ್ವಾರ ಬಂದಿದ್ರು. ನಾನ್ ಬಾಗಿಲೇ ತೆಗಿಲಿಲ್ಲ ಅಕ್ಕ. ಅವ್ರನ್ನ ನಂಬಿ ಕೂತೇ ಅನು ಕಿವಿ ಹೋಯ್ತು. ಬರ್ಕೊಂಡು ಹೋಪುಕೆ ಬರುದು ಅವ್ರು, ಅಷ್ಟೇ."

ಸೊಪ್ಪಿನ ದಂಟು ನನ್ನ ಕೈಯಲ್ಲೇ ಉಳಿಯಿತು. ಬಾಗಿಲು ಹಾಕಿದವಳು ಅವಳು, ಹಾಕಿಸಿದವಳು ನಾನು. ಇನ್ನು ಸುಮ್ಮನಿದ್ದರೆ ಈ ಮಗುವಿನದ್ದೂ ನನ್ನ ತಲೆಗೇ. ಹೇಳಿದೆ. ಗುರುತು ಒರೆಸಿದ್ದು, ಯಾಕೆ ಒರೆಸಿದ್ದು, ಮೆಟ್ಟಿಲಲ್ಲಿ ಆಕೆ ಕೇಳಿದ್ದು, ನಾನು ಅಂದದ್ದು. ಅಳಲಿಲ್ಲ, ಅತ್ತರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಆಚೆ ಮಗು ಏನೋ ಸದ್ದು ಮಾಡುತ್ತಿತ್ತು. ಆಮೇಲೆ ಒಂದೇ ಕೇಳಿದಳು.

"ಹಂಗಾರೆ ಸಿಸ್ಟರ್ ಬಂದಿದ್ರಾ?"

"ಬಂದಿದ್ರು."

"ನಾನು ಒಳಗೇ ಇದ್ದೆ," ಎಂದಳು. ನನಗಲ್ಲ, ತನಗೇ ಹೇಳಿಕೊಂಡ ಹಾಗೆ. ಬಳಿಕ ನೇರವಾಗಿ, "ಬುಧವಾರ ಇವನನ್ನ ಕರ್ಕೊಂಡು ಹೋತೆ. ನೀವು ಇನ್ನು ನಂಗೆ ಫೋನ್ ಮಾಡ್ಬೇಡಿ."

ಅಕ್ಕ ಎನ್ನಲಿಲ್ಲ.

ಬುಧವಾರ ಹೋಗುತ್ತಾಳೆ. ಅಷ್ಟಕ್ಕೆ ದೇವರಿಗೆ ಕೈ ಮುಗಿದೆ. ಅದಕ್ಕಿಂತ ಹೆಚ್ಚಿನದನ್ನು ಕೇಳಲಿಲ್ಲ. ಆ ಸಿಸ್ಟರ್ ಎಲ್ಲಿದ್ದಾಳೋ — ಹೆಸರು ಕೂಡ ನಾನು ಯಾವತ್ತೂ ಕೇಳಿರಲಿಲ್ಲ. ಯಜಮಾನರು ಮಧ್ಯಾಹ್ನ ಊಟಕ್ಕೆ ಮೇಲೆ ಬಂದಾಗ ಅವರಿಗೂ ಹೇಳಬೇಕು, ಹುಡುಗರ ವಿಮೆಯ ಮಾತನ್ನೂ ಎತ್ತಬೇಕು.

ಹಿಂಡಿಟ್ಟ ಬಟ್ಟೆ ಬಕೆಟ್ಟಿನಲ್ಲೇ ಇತ್ತು. ಎತ್ತಿಕೊಂಡು ತಾರಸಿಗೆ ಹೋಗಿ ಒಂದೊಂದಾಗಿ ಕೊಡವಿ ಹರವಿದೆ.