ಒಮ್ಮತದ ಬಾವಿ

ನನಗೆ ಆಗ ಇಪ್ಪತ್ತಮೂರು ವರ್ಷ. ಮುಂಬಯಿಯ ಬೊರಿವಲಿಯಿಂದ ದಿನಾ ಲೋಕಲ್ ರೈಲು ಹಿಡಿದು ಫೋರ್ಟಿಗೆ ಹೋಗುತ್ತಿದ್ದೆ. ಹಳ್ಳಿಗಳ ಅಭಿವೃದ್ಧಿಗೆಂದು ಸಂಶೋಧನೆ ಮಾಡುವ ಒಂದು ಸಂಸ್ಥೆಯಲ್ಲಿ ನಾನು ಟೈಪಿಸ್ಟ್. ಎಪ್ಪತ್ತರ ದಶಕ ಅರ್ಧಕ್ಕೆ ಬಂದಿತ್ತು. ಆ ಆಫೀಸಿನ ಗೋಡೆಗಳ ತುಂಬ ಹಳ್ಳಿಗಳ ನಕ್ಷೆಗಳಿದ್ದವು, ಆದರೆ ಹಳ್ಳಿಯಲ್ಲಿ ಬೆಳೆದವರು ಒಬ್ಬರೂ ಇರಲಿಲ್ಲ.

ಒಂದು ದಿನ ಸಾಹೇಬರು, ಎಂದರೆ ಸಂಸ್ಥೆಯ ಮುಖ್ಯಸ್ಥರು, ನನ್ನನ್ನು ಕರೆದು, "ನಿನಗೆ ಕನ್ನಡ ಬರುತ್ತದಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ವಿಜಾಪುರದ ಕಡೆಯ ಒಂದು ಹಳ್ಳಿಯನ್ನು ಸಂಸ್ಥೆ ಆರಿಸಿಕೊಂಡಿತ್ತು. ಆ ಊರಿನ ಬಡವರಲ್ಲಿ ಎಷ್ಟೋ ಜನ ಸುಗ್ಗಿ ಮುಗಿದ ಮೇಲೆ ಮುಂಬಯಿಗೆ ಬಂದು, ಮಳೆ ಬೀಳುವವರೆಗೆ ವಡಾಲದ ಜೋಪಡಿಗಳಲ್ಲಿದ್ದು, ಬಿಲ್ಡಿಂಗುಗಳ ಪಾಯ ತೋಡುವ, ಮಣ್ಣು ಹೊರುವ ಕೆಲಸ ಮಾಡುತ್ತಿದ್ದರು.

"ಹಳ್ಳಿಗೆ ಹೋಗುವ ಮೊದಲು ಇಲ್ಲೇ ಅವರನ್ನು ಕೇಳೋಣ. ಈ ಸಲ ನಾವು ಸಂಶೋಧಕರಲ್ಲ, ಜನರೇ ಸಂಶೋಧಕರು. ಅವರು ಹೇಳಿದ್ದನ್ನಷ್ಟೇ ನಾವು ಬರೆಯುವುದು," ಎಂದರು ಸಾಹೇಬರು. ಆ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ನಾನು ನಂಬಿದೆ. ಅದನ್ನು ಈಗ ನೆನೆದರೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ.

ವಡಾಲದಲ್ಲಿ ಮೊದಲ ಭಾನುವಾರ ನಾನು ಬಾಯಿ ತೆರೆದದ್ದೇ ತಡ, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಮ್ಮದು ಉಡುಪಿ ಕಡೆಯ ಕನ್ನಡ. "ಅಕ್ಕಾರ, ನಿಮ್ಮ ಮಾತು ರೇಡಿಯೋದಾಗ ಬಂದಂಗ ಬರತೈತ್ರಿ," ಎಂದಳು ಒಬ್ಬಳು. ಅವರ ನಡುವೆ ಐವತ್ತು ದಾಟಿದ ಒಬ್ಬಾಕೆ ಇದ್ದಳು. ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಎರಡನೇ ವಾರದಿಂದ ನಾನೂ ಹಾಗೇ ಕರೆದೆ, ಅವಳು ನನ್ನನ್ನು ತಂಗಿ ಎಂದಳು.

ಊರಿನ ನಕ್ಷೆಯನ್ನು ನೆಲದ ಮೇಲೆ ಬಿಡಿಸಬೇಕೆಂದು ಸಾಹೇಬರು ಹೇಳಿಕೊಟ್ಟಿದ್ದರು. ದೊಡ್ಡವ್ವ ಕುಕ್ಕರುಗಾಲಲ್ಲಿ ಕೂತು, ಇಟ್ಟಿಗೆ ಚೂರುಗಳನ್ನು ಒಂದೊಂದಾಗಿ ಇಟ್ಟಳು. ಇದು ಗುಡಿ, ಇದು ಗೌಡರ ಮನೆ, ಇದು ಮೇಲಿನ ಓಣಿ. ಹಳ್ಳದ ಈಚೆಗೆ, ಎಲ್ಲದರಿಂದ ದೂರ, ಒಂದು ಗುಂಪು ಚೂರು ಸುರಿದು, "ಇದು ನಮ್ಮ ಕೇರಿ," ಎಂದಳು. ಮುಟ್ಟಬಾರದವರೆಂದು ಊರು ಹೊರಗಿಟ್ಟವರ ಕೇರಿ ಅದು.

"ನೀರು ಎಲ್ಲಿಂದ ತರ್ತೀರಿ?" ಎಂದು ಕೇಳಿದೆ.

ಅವಳು ಮೇಲಿನ ಓಣಿಯಲ್ಲಿಟ್ಟ ಒಂದು ದುಂಡು ಕಲ್ಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ಬಾವಿ ಐತಿ. ಆದ್ರ ಹಗ್ಗ ನಾವು ಮುಟ್ಟೂಹಂಗಿಲ್ಲ. ಕೊಡಾ ಇಟಗೊಂಡು ದೂರ ಕುಂದರಬೇಕು. ಮ್ಯಾಲಿನ ಓಣಿಯವರು ಯಾರರೆ ಬಂದು, ಮನಸ್ಸು ಬಂದ್ರ, ಸೇದಿ ಮ್ಯಾಲಿಂದ ಸುರೀತಾರ. ಬರಲಿಲ್ಲಂದ್ರ ಹಳ್ಳದ ವರತೀ ನೀರ ಗತಿ."

ಅಂದು ಕ್ಯಾಮೆರಾ ಹಿಡಿದು ಜೊತೆಗೆ ಬಂದಿದ್ದ ಸಾಹೇಬರು ಆ ಹೊತ್ತಿಗೆ ಫೋಟೋ ತೆಗೆದರು.

ಮುಂದಿನ ಭಾನುವಾರಗಳಲ್ಲಿ ಆ ಹೆಂಗಸರು ಮಾಡಿದ ಕೆಲಸವನ್ನು ಸಂಶೋಧನೆ ಎಂದಲ್ಲದೆ ಬೇರೇನು ಕರೆಯಲಿ? ಯಾವ ಮನೆಯ ಹೆಂಗಸು ಬಾವಿಯ ಹತ್ತಿರ ಎಷ್ಟು ಹೊತ್ತು ಕೂರುತ್ತಾಳೆ, ಯಾರ ಮನೆಯ ಬಸುರಿ ಕೊಡ ಹೊತ್ತು ಹಳ್ಳದಲ್ಲಿ ಜಾರಿ ಬಿದ್ದಳು, ಕೇರಿಯ ಯಾವ ಜಾಗದಲ್ಲಿ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುತ್ತದೆ, ಎಲ್ಲವನ್ನೂ ತಮ್ಮತಮ್ಮಲ್ಲೇ ಕೇಳಿ, ಜಗಳಾಡಿ, ತಿದ್ದಿ ಹೇಳಿದರು. ಕೊನೆಗೆ ಎರಡು ಮಾತಿಗೆ ಬಂದು ನಿಂತರು. ಇದ್ದ ಬಾವಿಯ ಹಗ್ಗ ತಮ್ಮ ಕೈಗೂ ಸಿಗಬೇಕು. ಹೊಸ ಬಾವಿ ತೋಡುವುದಾದರೆ ತಮ್ಮ ಕೇರಿಯಲ್ಲೇ ತೋಡಬೇಕು. ನಾನು ಅದನ್ನೆಲ್ಲ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಬರೆದು, ಇಂಗ್ಲಿಷಿಗೆ ತಂದು, ಟೈಪ್ ಮಾಡಿ ಕೊಟ್ಟೆ.

ಆಮೇಲೆ ಸಾಹೇಬರು ಹಳ್ಳಿಗೆ ಹೋದರು. ಎರಡು ದಿನ ಗೌಡರ ಮನೆಯಲ್ಲಿ ಉಳಿದು ಬಂದರು. ವರದಿ ಅಚ್ಚಾಗಿ ಬಂದಾಗ ನನಗೂ ಒಂದು ಪ್ರತಿ ಕೊಟ್ಟು, "ಇದರಲ್ಲಿ ನಿನ್ನ ಶ್ರಮವೂ ಇದೆ," ಎಂದರು.

ರಕ್ಷಾಪುಟದಲ್ಲಿ ದೊಡ್ಡವ್ವನ ಫೋಟೋ ಇತ್ತು. ಅವಳ ಬೆರಳು ಮೇಲಿನ ಓಣಿಯ ಆ ಕಲ್ಲಿನ ಮೇಲೆ. ಕೆಳಗೆ ಅಚ್ಚಾಗಿತ್ತು: ಹೊಸ ಬಾವಿಗೆ ಜಾಗ ತೋರಿಸುತ್ತಿರುವ ಗ್ರಾಮಸ್ಥೆ. ಒಳಗೆ, ಗೌಡರ ಮನೆಯ ಪಕ್ಕದ ಬಯಲಿನಲ್ಲಿ ಬಾವಿ ತೋಡಲು ಇಡೀ ಗ್ರಾಮ ಒಮ್ಮತದಿಂದ ಒಪ್ಪಿದೆ ಎಂದು ಬರೆದಿತ್ತು. ಹಗ್ಗದ ಮಾತು ಎಲ್ಲೂ ಇರಲಿಲ್ಲ. ಕೇರಿ ಎಂಬ ಪದವೇ ಇರಲಿಲ್ಲ.

ನೇರ ಅವರ ಕೋಣೆಗೆ ಹೋಗಿ, "ಸರ್, ಅವರು ಹೀಗೆ ಹೇಳಲಿಲ್ಲ," ಎಂದೆ.

"ಅದು ಸೂಕ್ಷ್ಮ ವಿಷಯ. ಗೌಡರೂ ಜನರೇ ಅಲ್ಲವೇ? ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಾಗುತ್ತದೆ. ನೀನಿನ್ನೂ ಚಿಕ್ಕವಳು," ಎಂದರು.

ಮುಂದಿನ ಭಾನುವಾರ ವರದಿಯನ್ನು ವಡಾಲಕ್ಕೆ ಒಯ್ದು, ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ದೊಡ್ಡವ್ವ ಫೋಟೋವನ್ನು ಬಹಳ ಹೊತ್ತು ನೋಡಿ, "ಬೆರಳು ನಂದು. ಮಾತು ಯಾರದು?" ಎಂದಳು. ಮತ್ತೆ ನನ್ನ ಕಡೆ ತಿರುಗಿ ಕೇಳಿದಳು, "ಈ ಪುಸ್ತಕ ಯಾರಿಗೆ ತೋರಸ್ತಾರ ತಂಗಿ?"

ಬಾವಿಗೆ ದುಡ್ಡು ಕೊಡುವವರು ಗುರುವಾರ ಆಫೀಸಿಗೆ ಬರುತ್ತಾರೆ ಎಂದೆ.

"ಹಂಗಾರ ನಾವೂ ಬರ್ತೀವಿ."

ಆರು ಜನ ಹೆಂಗಸರು ಒಂದು ದಿನದ ಕೂಲಿ ಬಿಟ್ಟು, ಒಗೆದ ಸೀರೆ ಉಟ್ಟು, ನನ್ನ ಜೊತೆ ವಡಾಲದಿಂದ ಲೋಕಲ್ ಹತ್ತಿ ಫೋರ್ಟಿನ ಹತ್ತಿರದ ವಿ.ಟಿ. ಸ್ಟೇಷನ್ನಿನಲ್ಲಿ ಇಳಿದರು. ಆಫೀಸಿನ ಬಾಗಿಲಲ್ಲಿ ವಾಚ್‌ಮನ್ ಅಡ್ಡ ನಿಂತು, "ಅರೇ, ಕಹಾಂ ಜಾನಾ ಹೈ? ಕಾಮ್‌ವಾಲೀ ಲೋಗ್ ಪೀಛೇ ಸೇ," ಎಂದು ಕೆಲಸದವರು ಬರುವ ಹಿಂಬಾಗಿಲಿನ ಕಡೆ ಕೈ ತೋರಿಸಿದ.

"ಇವರು ಕೆಲಸದವರಲ್ಲ, ಸಂಶೋಧಕರು. ಸಾಹೇಬರನ್ನೇ ಕೇಳು," ಎಂದು ಹಿಂದಿಯಲ್ಲಿ ಹೇಳಿ ಅವರನ್ನು ಮುಂದೆ ಬಿಟ್ಟೆ.

ಕೋಣೆಯಲ್ಲಿ ಹತ್ತಾರು ಜನರಿದ್ದರು. ಹಣ ಕೊಡುವವರ ಪೈಕಿ ತಲೆ ನರೆತ ಒಬ್ಬ ಮಹಿಳೆ ದೊಡ್ಡವ್ವನನ್ನೂ ರಕ್ಷಾಪುಟವನ್ನೂ ಒಮ್ಮೆ ನೋಡಿ, ನಗುತ್ತಾ ಎದ್ದು ನಿಂತು ಕೈಮುಗಿದರು. ಹಾಗಾಗಿ ಸಾಹೇಬರಿಗೆ ನಮ್ಮನ್ನು ಹೊರಗೆ ಕಳಿಸಲು ಆಗಲಿಲ್ಲ. ದೊಡ್ಡವ್ವ ನಿಂತಲ್ಲಿಂದಲೇ ಮಾತಾಡಿದಳು. ನಾನು ಒಂದೊಂದು ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಏನನ್ನೂ ಮೆದುಮಾಡಲಿಲ್ಲ.

"ನೀವು ತೋಡೂ ಬಾವಿ ಗೌಡರ ಬಾಗಲಾಗೈತಿ. ಅಲ್ಲೂ ನಾವು ದೂರ ಕುಂದರಬೇಕು. ಕುಂದರಾಕ ನಮಗ ಇನ್ನೊಂದು ಬಾವಿ ಯಾಕ ಬೇಕ್ರಿ?"

ಆ ಮಹಿಳೆಯ ನಗು ಮಾಯವಾಯಿತು. "ವರದಿಯಲ್ಲಿ ಇದು ಯಾಕಿಲ್ಲ?" ಎಂದು ಸಾಹೇಬರನ್ನು ಕೇಳಿದರು.

ಸಾಹೇಬರು ನನ್ನ ಕಡೆ ತಿರುಗಿಯೂ ನೋಡದೆ, "ಅನುವಾದದಲ್ಲಿ ತಪ್ಪಾಗಿರಬೇಕು. ನಮ್ಮ ಟೈಪಿಸ್ಟ್ ಕರಾವಳಿಯವಳು, ಇವರ ಕನ್ನಡ ಅವಳಿಗೆ ಸರಿಯಾಗಿ ತಿಳಿಯುವುದಿಲ್ಲ," ಎಂದರು.

ನಲವತ್ತು ವರ್ಷದ ಮೇಲೂ ಆ ವಾಕ್ಯ ನನ್ನ ಕಿವಿಯಲ್ಲಿ ಹಾಗೇ ಇದೆ. ನಾನು ನೋಟ್‌ಬುಕ್ ತರಲು ಓಡಿದೆ. ನನ್ನ ಕಪಾಟಿನಲ್ಲಿ ಅದು ಇರಲಿಲ್ಲ. ಟೈಪ್ ಮಾಡಿದ ಹಾಳೆಗಳೂ ಇರಲಿಲ್ಲ. ಬರಿಗೈಲಿ ವಾಪಸು ಬಂದಾಗ ಸಭೆಯನ್ನು ಮುಂದಕ್ಕೆ ಹಾಕಿ ಎಲ್ಲರೂ ಏಳುತ್ತಿದ್ದರು.

ಹೊರಗೆ ಬಂದು ಆ ಆರು ಜನರನ್ನು ಹತ್ತಿರದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದೆ. ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು ನನ್ನ ಅಪ್ಪ. ಕಾಫಿ ಕುಡಿಸಿ ಹೆಂಗಸರನ್ನು ಸ್ಟೇಷನ್ನಿಗೆ ಬಿಟ್ಟು ಬಂದ ಮೇಲೆ ಅಪ್ಪ, "ನಿನಗೆ ಈ ಉಸಾಬರಿ ಎಲ್ಲ ಯಾಕೆ ಮಗಾ? ಇದ್ದ ಕೆಲಸ ಹೋಗ್ತದೆ," ಎಂದರು. ನಾನು ಬಾವಿಯ ಸಂಗತಿ ಹೇಳಿದೆ. ಅವರು ಪೆಟ್ಟಿಗೆಯ ಚಿಲ್ಲರೆ ಎಣಿಸತೊಡಗಿದರು. ಊರಿನಲ್ಲಿ ನಮ್ಮ ಮನೆಯ ಬಾವಿಕಟ್ಟೆಯ ಹತ್ತಿರ ಯಾರ್ಯಾರು ಬರುವಂತಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಲ್ಲಿಯವರೆಗೆ ನಾನು ಅದನ್ನೊಂದು ಸಂಗತಿ ಎಂದೇ ಎಣಿಸಿರಲಿಲ್ಲ.

ತಿಂಗಳಾಗುವಷ್ಟರಲ್ಲಿ ಕೆಲಸ ಹೋಯಿತು. ಹಣ ಕೊಡುವವರು ಹಿಂದೆ ಸರಿದರು. ನನ್ನ ಕೊನೆಯ ದಿನ ಸಾಹೇಬರು, "ನಿನ್ನಿಂದಾಗಿ ಆ ಊರಿಗೆ ಬಾವಿಯೇ ಇಲ್ಲದಂತಾಯಿತು," ಎಂದರು. ಆ ಮಾತು ನನ್ನನ್ನು ತಿಂದುಹಾಕಿತು. ವಡಾಲಕ್ಕೆ ಹೋಗಿ ದೊಡ್ಡವ್ವನೆದುರು ಅತ್ತೆ. ಅವಳು ಗದರಿದಳು.

"ಅಳತೀಯಾಕ? ಅವರು ಕೊಡೂದು ನಮಗಲ್ಲಾಗಿತ್ತು. ಈ ಮುಂಬೈದಾಗ ಎಷ್ಟು ಪಾಯ ತೋಡೀವಿ, ನಮಗ ನೆಲಾ ತೋಡಾಕ ಬರೂದಿಲ್ಲೇನು?"

ಮಳೆ ಶುರುವಾಗುವ ಮುಂಚೆ ಅವರು ಊರಿಗೆ ಹೋದರು. ಹಸಿರು ಹುಲ್ಲಿದ್ದ ಆ ಜಾಗದಲ್ಲಿ, ಬಿತ್ತನೆ ಮುಗಿದ ಮೇಲೆ, ಕೇರಿಯವರೇ ಗುದ್ದಲಿ ಹಾಕಿದರಂತೆ. ಮೊದಲ ವರ್ಷ ಬಂಡೆ ಸಿಕ್ಕಿ ಕೆಲಸ ನಿಂತಿತು. ಗೌಡರ ಕಡೆಯವರು ಬಂದು ಬೆದರಿಸಿದರು, ತೋಡಿದ ಗುಂಡಿಗೆ ಮಣ್ಣು ತುಂಬಿಸಿದರು. ಎರಡನೇ ವರ್ಷ ಮತ್ತೆ ತೋಡಿದರು. ಮೂರನೇ ವರ್ಷ ವಡಾಲಕ್ಕೆ ಬಂದ ದೊಡ್ಡವ್ವ, "ನೀರು ಬಂತು ತಂಗಿ. ಸ್ವಲ್ಪ ಸವಳು, ಆದ್ರ ಕುಡಿಯಾಕ ಬರತೈತಿ," ಎಂದಳು.

"ಮೇಲಿನ ಓಣಿಯ ಬಾವಿ?" ಎಂದು ಕೇಳಿದೆ.

"ಅದರ ಹಗ್ಗ ಇನ್ನೂ ಅವರ ಕೈಯಾಗ ಐತಿ."

ಬಾವಿ ಬಂತಲ್ಲ, ಇನ್ನಾದರೂ ಸಿಟ್ಟು ಬಿಡು ಎಂದು ಅಪ್ಪ ಹೇಳುತ್ತಿದ್ದರು. ಬಿಡಲು ಆಗಲಿಲ್ಲ. ಆ ನೀರು ಅವರು ಬಂಡೆ ಒಡೆದು ತಂದದ್ದು. ಅವರಿಗೆ ಸಲ್ಲಬೇಕಾದದ್ದನ್ನು ಯಾರೂ ಕೊಡಲಿಲ್ಲ, ಗೌಡರೂ ಕೊಡಲಿಲ್ಲ, ಸಾಹೇಬರೂ ಕೊಡಲಿಲ್ಲ. ನಾನು ಕೊಟ್ಟದ್ದಾದರೂ ಏನು? ಒಂದು ಗುರುವಾರದ ಇಂಗ್ಲಿಷು, ಅಷ್ಟೇ.