ಮಾಸ್ಟರ್ ಕುಡಿಯದ ನೀರು

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ... ಮೊನ್ನೆ ಆರ್.ಟಿ. ನಗರದ ಗಲ್ಲಿಯೊಂದರಲ್ಲಿ ಅದು ಮೂಗಿಗೆ ಬಡಿದು, ನಡೆಯುತ್ತಿದ್ದವಳು ನಿಂತುಬಿಟ್ಟೆ. ನನ್ನ ಶಾಲೆಯ ಯೂನಿಫಾರಂ ಹೊಲಿದುಕೊಡುತ್ತಿದ್ದ ಟೈಲರ್ ಅಂಗಡಿಯಲ್ಲಿ ಸದಾ ಇದೇ ವಾಸನೆ. ಅವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಲಂಗದ ಅಂಚನ್ನು ಧಾರಾಳವಾಗಿ ಒಳಗೆ ಮಡಚಿ, "ಬೇಟಿ, ನೀನು ಉದ್ದ ಆಗ್ತೀಯ, ಆಗ ಬಿಚ್ಕೋಬಹುದು" ಎನ್ನುತ್ತಿದ್ದರು.

ಎಷ್ಟೋ ವರ್ಷದ ಮೇಲೆ ನಾನು ಕೆಲಸ ಮಾಡುವ ಆಸ್ಪತ್ರೆಗೇ ಬಂದರು. "ಉದ್ದ ಆದೆ ಬೇಟಿ" ಎಂದು ನಕ್ಕರು. ನಮ್ಮದು ವಯಸ್ಸಾದವರ ವಿಭಾಗ. ಡಾಕ್ಟರು, ನರ್ಸು, ಫಿಸಿಯೋ, ಆಹಾರ ತಜ್ಞೆ, ಸೋಷಿಯಲ್ ವರ್ಕರ್ ಆಗಿ ನಾನು. ಐವರೂ ಒಬ್ಬರೇ ರೋಗಿಯನ್ನು ನೋಡಿ, ಒಟ್ಟಿಗೆ ಕೂತು ಚರ್ಚಿಸಬೇಕು. ಮನೆಗೆ ಹೋಗಿ ನೋಡಿ ಬರುವುದು ನನ್ನ ಪಾಲು. ಹೇಳಿಕೊಳ್ಳಲು ಚೆನ್ನಾಗಿದೆ. ನಡೆಯುತ್ತಿದ್ದುದು ಬೇರೆ. ಬಿಸ್ಕತ್ತು ಮೆಲ್ಲುತ್ತಾ ಒಬ್ಬರು ಫೈಲಿನಲ್ಲಿ ತಾವು ತುಂಬಿದ ಕಾಲಂ ಓದುವುದು, ಉಳಿದವರು ಮೊಬೈಲು ನೋಡುವುದು.

ಮಾಸ್ಟರಿಗೆ ತಲೆಸುತ್ತು, ಸುಸ್ತು, ಆಗಾಗ ಗಲಿಬಿಲಿ. ಮೈಯಲ್ಲಿ ನೀರಿನಂಶವೇ ಕಡಿಮೆ ಎಂದರು ಡಾಕ್ಟರು. "ಚೆನ್ನಾಗಿ ನೀರು ಕುಡೀಬೇಕು ತಾತ" ಎಂದು ನಾಲ್ವರೂ ಸರದಿಯಲ್ಲಿ ಹೇಳಿದರು. ಯಾಕೆ ಕುಡಿಯುತ್ತಿಲ್ಲ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಎಲ್ಲರಿಗೂ ತಲೆಯಾಡಿಸಿ, ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಇಷ್ಟ್ ಜನರ ಮುಂದೆ ಹೇಳಕ್ಕಾಗಲ್ಲ ಬೇಟಿ. ನೀನು ಮನೆಗೆ ಬರ್ತೀಯಲ್ಲ, ಅಲ್ಲಿ ಹೇಳ್ತೀನಿ" ಎಂದರು.

"ಗುರುವಾರ ಬರ್ತೀನಿ ಮಾಸ್ಟರ್" ಎಂದೆ.

ಹೋಗಲಿಲ್ಲ. ಮಾಸ್ಟರ್ ಇದ್ದ ಬಾಗಲಗುಂಟೆ ದೂರ, ಟ್ರಾಫಿಕ್ಕು, ಬಿಸಿಲು... ನೆಪಗಳಿಗೇನು ಬರ. ಶುಕ್ರವಾರ ಫೈಲು ಮುಗಿಸಬೇಕಿತ್ತು. 'ಮನೆ ಭೇಟಿ ಮಾಡಲಾಗಿದೆ, ವ್ಯವಸ್ಥೆ ತೃಪ್ತಿಕರ' ಎಂದು ಗೀಚಿ ಸಹಿ ಹಾಕಿದೆ. ಅದರ ಕೆಳಗೆ ಉಳಿದ ನಾಲ್ವರೂ ಕಣ್ಣುಮುಚ್ಚಿ ಸಹಿ ಹಾಕಿದರು.

ಮುಂದಿನ ತಿಂಗಳು ಮಾಸ್ಟರ್ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ಆಗ ಹೋದೆ. ವಠಾರದ ಎರಡನೇ ಮಹಡಿಯಲ್ಲಿ ಮಗನ ಮನೆ. ಎಲ್ಲರಿಗೂ ಸೇರಿದ ಕಕ್ಕಸು ಕೆಳಗೆ. ಹೊರಗಿನ ಕಡಿದಾದ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿಯೂ ಇರಲಿಲ್ಲ.

"ನೀರು ಕೊಟ್ರೆ ಬೇಡ ಅಂತಿದ್ರು ಮೇಡಂ, ಕುಡಿದ್ರೆ ಇಳೀಬೇಕಲ್ಲ" ಎಂದಳು ಸೊಸೆ. "ರೂಮಲ್ಲೇ ಏನಾದ್ರೂ ಇಡ್ತೀನಿ ಅಂದ್ರೆ, ಸೊಸೆ ಕೈಲಿ ಅದನ್ನೆಲ್ಲ ಎತ್ತಿಸ್ಬೇಕಾ ಅಂತ ನಾಚ್ಕೋತಿದ್ರು. ಆ ಗುರುವಾರ ಬೆಳಿಗ್ಗೆಯಿಂದ ಒಗೆದ ಶರ್ಟ್ ಹಾಕ್ಕೊಂಡು ಬಾಗಿಲಲ್ಲೇ ಕೂತಿದ್ರು. ನೀವು ಬಂದ್ರೆ ಏನಾದ್ರೂ ದಾರಿ ಹೇಳ್ತೀರಂತ..."

ಮೆಟ್ಟಿಲಿಗೊಂದು ಕಂಬಿ ಹಾಕಿಸುವುದು, ಒಂದು ಕಮೋಡ್ ಕುರ್ಚಿ ಕೊಡಿಸಿ ಅವರ ಸಂಕೋಚ ಬಿಡಿಸುವುದು ನನ್ನ ಕೈಲಿತ್ತು. ನನ್ನ ಕೆಲಸವೇ ಅದಾಗಿತ್ತು. ನನ್ನ ಮೇಲೆ ನನಗೆ ಅಂದು ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಈ ವಾರ ನಮ್ಮ ಮುಖ್ಯಸ್ಥರು ಹೊಸದಾಗಿ ಸೇರಿದವರಿಗೆ ತೋರಿಸಲೆಂದು ಹಳೆಯ ಫೈಲೊಂದನ್ನು ಆರಿಸಿ ತಂದರು. ಮಾಸ್ಟರದ್ದು. "ನೋಡಿ, ಒಂದು ಕಾಲಂ ಕೂಡ ಖಾಲಿ ಇಲ್ಲ" ಎಂದರು. ಹುಡುಗಿಯೊಬ್ಬಳು ನನ್ನತ್ತ ತಿರುಗಿ, "ಮೇಡಂ, ಮನೆಗೆ ಹೋದ್ರೆ ಮೊದಲು ಏನ್ ನೋಡ್ಬೇಕು?" ಎಂದು ಕೇಳಿದಳು.

"ಕಕ್ಕಸು ಎಲ್ಲಿದೆ ಅಂತ ನೋಡು" ಎಂದೆ.

ಎಲ್ಲರೂ ನಕ್ಕರು. ಆಕೆ ಅದನ್ನು ಶ್ರದ್ಧೆಯಿಂದ ಬರೆದುಕೊಂಡಳು. ಫೈಲಿಗೆ ಸಹಿ ಹಾಕಿದಾಗ ನಾನು ಆ ಮನೆಗೆ ಹೋಗಿರಲಿಲ್ಲ ಎಂಬುದನ್ನು ಮಾತ್ರ ಈ ಸಲವೂ ಹೇಳಲಿಲ್ಲ.